ಕೇಬಲ್, ಇಂಟರ್ನೆಟ್: ಲೆಕ್ಕ ಹಾಕಿ ಆರಿಸಿ

ಮಾಸ್ತಿಯಲ್ಲೇ ಬೇರೆ ಬೀದಿಗೆ ಮನೆ ಬದಲಿಸಿದಾಗ ಕೇಬಲ್, ಇಂಟರ್ನೆಟ್ ಆರಿಸುವ ಕೆಲಸವನ್ನು ಅಬ್ಬಾ ನನಗೆ ಒಪ್ಪಿಸಿದರು. ಮೊದಲು ಲೆಕ್ಕ. 499 ರೂಪಾಯಿ ಪ್ಲಾನ್‌ಗೆ ಶೇ. 18 ಜಿಎಸ್‌ಟಿ ಸೇರಿದರೆ 588.82 ರೂಪಾಯಿ, ವರ್ಷಕ್ಕೆ ಸುಮಾರು 7,066. ಮೋಡೆಮ್, ಅಳವಡಿಕೆಗೆ ಬೇರೆ ಹಣ ಕೊಡಬೇಕೇ ಎಂದೂ ಕೇಳಬೇಕು.

40 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 40 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್. ಹಾಗಾಗಿ ಡೌನ್‌ಲೋಡ್ ಹೆಚ್ಚೆಂದರೆ 5 ಮೆಗಾಬೈಟ್. ಅಕ್ಕನ ಆನ್‌ಲೈನ್ ಕೋಚಿಂಗ್‌ಗೆ ಅಷ್ಟು ಧಾರಾಳ.

ಅಮ್ಮಿ ನೋಡುವ ಡಿಡಿ ಉರ್ದು, ನಾವೆಲ್ಲ ನೋಡುವ ಡಿಡಿ ಚಂದನ ಎರಡೂ ಉಚಿತ ವಾಹಿನಿಗಳು. ಡಿಡಿ ಫ್ರೀ ಡಿಶ್‌ಗೆ ತಿಂಗಳ ಶುಲ್ಕವಿಲ್ಲ; ಡಿಶ್, ಸೆಟ್‌ಟಾಪ್ ಬಾಕ್ಸ್ ಒಮ್ಮೆ ಕೊಂಡರೆ ಸಾಕು. ಆದ್ದರಿಂದ ಕೇಬಲ್ ಬಿಟ್ಟು ಇಂಟರ್ನೆಟ್ ಮಾತ್ರ ಹಾಕಿಸಿದೆವು.

ಯಾರ ಇಂಟರ್ನೆಟ್? ಅದಕ್ಕೆ ಜಾಹೀರಾತು ನೋಡಬೇಡಿ. ವೈರ್ ತುಂಡಾದರೆ ಎಷ್ಟು ದಿನಕ್ಕೆ ಸರಿಮಾಡುತ್ತಾರೆಂದು ಅದೇ ಬೀದಿಯ ನಾಲ್ಕು ಮನೆಯವರನ್ನು ಕೇಳಿ. ಪರೀಕ್ಷೆಯ ಹಿಂದಿನ ದಿನ ನೂರು ರೂಪಾಯಿ ಉಳಿತಾಯಕ್ಕಿಂತ ಆ ಉತ್ತರವೇ ಮುಖ್ಯ.