ಮಂಗಳವಾರದ ಪೂಜೆಗೆ ಯಾರು ಬರುತ್ತಾರೆ?



ಅಮ್ಮ ತೀರಿಕೊಂಡು ಒಂದು ವರ್ಷ ತುಂಬುವ ದಿನಕ್ಕೆ ನಾನು ನಮ್ಮ ಚರ್ಚಿನಲ್ಲಿ ಒಂದು ಪೂಜೆ ಬರೆಸಿದ್ದೆ. ಆ ದಿನ ಮಂಗಳವಾರವಾಗಿತ್ತು. ಕಾಣಿಕೆ ಕೊಟ್ಟು, ಅಮ್ಮನ ಹೆಸರನ್ನು ಗುರುಗಳ ಪುಸ್ತಕದಲ್ಲಿ ಬರೆಸಿ, ಮಗನಾಗಿ ನನ್ನ ಕರ್ತವ್ಯ ಮುಗಿಯಿತೆಂಬ ನೆಮ್ಮದಿಯಿಂದ ಮನೆಗೆ ಬಂದೆ. ಮಂಗಳವಾರ ಬೆಳಿಗ್ಗೆ ಎಂದಿನಂತೆ ಚರ್ಚಿನ ಗಂಟೆ ಬಾರಿಸಿತು. ನಾನು ಎಂದಿನಂತೆ ಮಂಗಳೂರಿನ ಬಸ್ಸು ಹಿಡಿಯುವ ಅವಸರದಲ್ಲಿದ್ದೆ. ಬಸ್ಸು ಚರ್ಚಿನ ಎದುರಿನಿಂದಲೇ ಹೋಗುತ್ತದೆ. ಕಿಟಕಿಯ ಬದಿಯಲ್ಲಿ ಕುಳಿತು ಶಿಲುಬೆಯ ಗುರುತು ಹಾಕಿಕೊಂಡೆ. ಅಷ್ಟೇ.

ಮುಂದಿನ ಭಾನುವಾರ ಪೂಜೆ ಮುಗಿದು ಹೊರಗೆ ಬರುವಾಗ ನಮ್ಮ ವಾಳೆಯ ಒಬ್ಬ ವೃದ್ಧೆ ನನ್ನ ಕೈ ಹಿಡಿದರು. ಬೀಡಿ ಕಟ್ಟಿ ಮಕ್ಕಳನ್ನು ಬೆಳೆಸಿದವರು ಅವರು. ನಾವೆಲ್ಲ ಅವರನ್ನು ಮಾವ್ಶಿ ಎಂದೇ ಕರೆಯುವುದು.

“ಪುತಾ, ಮಂಗಳವಾರ ಫಾದರ್ ನಿನ್ನ ಅಮ್ಮನ ಹೆಸರು ಹೇಳಿದರು. ನೀನು ಹಿಂದೆ ಎಲ್ಲಾದರೂ ಇದ್ದೀಯೋ ಎಂದು ತಿರುಗಿ ನೋಡಿದೆ. ಕಾಣಲಿಲ್ಲ. ಮೈಗೆ ಸೌಖ್ಯ ಇಲ್ಲವೋ ಏನೋ ಎಂದು ನಿನಗೂ ಸೇರಿಸಿ ಒಂದು ಪ್ರಾರ್ಥನೆ ಹೇಳಿದೆ” ಎಂದರು.

ಅವರ ಮಾತಿನಲ್ಲಿ ಚುಚ್ಚುವ ಉದ್ದೇಶ ಸ್ವಲ್ಪವೂ ಇರಲಿಲ್ಲ. ಅದಕ್ಕೇ ಅದು ನನಗೆ ಹೆಚ್ಚು ನಾಟಿತು. ನನ್ನ ಅಮ್ಮನಿಗಾಗಿ ಅರ್ಪಿಸಿದ ಬಲಿಪೂಜೆಯಲ್ಲಿ ನಾನೇ ಇರಲಿಲ್ಲ. ರಕ್ತಸಂಬಂಧವಿಲ್ಲದ ಒಬ್ಬ ಅಜ್ಜಿ ಇದ್ದರು. “ಆ ದಿನ ಎಷ್ಟು ಜನ ಇದ್ದರು ಮಾವ್ಶಿ?” ಎಂದು ಕೇಳಿದೆ. ಅವರು ಬೆರಳು ಮಡಚಿ ಎಣಿಸಿದರು. ಇಬ್ಬರು ಸಿಸ್ಟರ್‌ಗಳು, ಮಿರೋಣ್ಯ, ಅವರು, ಇನ್ನೊಬ್ಬರು. ಒಟ್ಟು ಐದು.

ಭಾನುವಾರ ಚರ್ಚಿನ ಹೊರಗೆ ಬೈಕು ನಿಲ್ಲಿಸಲು ಜಾಗ ಸಿಗದ ನಮ್ಮ ಧರ್ಮಕೇಂದ್ರದಲ್ಲಿ ಮಂಗಳವಾರ ಐದು ಜನ! ಇದು ನಮ್ಮ ಊರಿನ ಕತೆ ಮಾತ್ರವೇ? ನಿಮ್ಮ ಊರಿನಲ್ಲಿ ಎಷ್ಟು ಜನ, ಒಮ್ಮೆ ಎಣಿಸಿ ನೋಡಿ.

ಭಾನುವಾರ ಬೆಳಿಗ್ಗೆ ಮಾತ್ರವೇ?

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಭಾನುವಾರ ಮತ್ತು ಕಡ್ಡಾಯ ಹಬ್ಬದ ದಿನಗಳಲ್ಲಿ ಪೂಜೆಯಲ್ಲಿ ಭಾಗವಹಿಸುವುದು ಧರ್ಮಸಭೆ ನಮಗೆ ವಿಧಿಸಿದ ಕರ್ತವ್ಯ. ವಾರದ ದಿನಗಳಲ್ಲಿ ಅಂಥ ಕಟ್ಟಳೆ ಇಲ್ಲ. ಮಂಗಳವಾರದ ಪೂಜೆಗೆ ಹೋಗದವನು ಪಾಪ ಮಾಡಿದಂತಲ್ಲ. ಆದರೆ ಕಟ್ಟಳೆ ಇರುವಷ್ಟನ್ನೇ ಮಾಡುವುದು ಪ್ರೀತಿಯ ಲಕ್ಷಣವೇ? ಹಬ್ಬಕ್ಕೆ ಮಾತ್ರ ತವರಿಗೆ ಬರುವ ಮಗನನ್ನು ತಾಯಿ ಬೈಯುವುದಿಲ್ಲ. ಆದರೆ ನಡುವೆ ಯಾವುದೋ ಒಂದು ದಿನ, ಕಾರಣವೇ ಇಲ್ಲದೆ ಬಂದು ಅಡುಗೆಮನೆಯಲ್ಲಿ ಕುಳಿತುಕೊಳ್ಳುವ ಮಗನನ್ನು ಕಂಡಾಗ ಅವಳ ಮುಖ ಹೇಗಿರುತ್ತದೆ ಎಂಬುದು ನಮಗೆ ಗೊತ್ತು.

ಇನ್ನೊಂದು ವಿಷಯ ಗಮನಿಸಿ. ನಮ್ಮ ವಿಶ್ವಾಸದ ದೊಡ್ಡ ಘಟನೆಗಳಲ್ಲಿ ಎಷ್ಟು ಭಾನುವಾರ ಬೆಳಿಗ್ಗೆ ನಡೆದವು? ಯೇಸುಸ್ವಾಮಿ ಹುಟ್ಟಿದ ಸುದ್ದಿ ಕುರುಬರಿಗೆ ಸಿಕ್ಕಿದ್ದು ರಾತ್ರಿ ಮಂದೆ ಕಾಯುವಾಗ. ಪರಮಪ್ರಸಾದದ ಸ್ಥಾಪನೆಯಾದದ್ದು ಗುರುವಾರ ರಾತ್ರಿಯ ಭೋಜನದಲ್ಲಿ. ಶಿಲುಬೆಯ ಬಲಿ ಶುಕ್ರವಾರ ಮಧ್ಯಾಹ್ನ. ಪುನರುತ್ಥಾನದ ಬೆಳಗು ಭಾನುವಾರದ್ದು, ನಿಜ. ಆದರೆ ಎಮ್ಮಾವುಸ್ ದಾರಿಯಲ್ಲಿ ಜೊತೆಯಾದ ಪ್ರಭುವನ್ನು ಇಬ್ಬರು ಶಿಷ್ಯರು ರೊಟ್ಟಿ ಮುರಿಯುವಾಗ ಗುರುತಿಸಿದ್ದು ಅದೇ ದಿನ ಹೊತ್ತು ಮುಳುಗುವ ವೇಳೆಗೆ (ಲೂಕ 24:13-35). ಬಾಗಿಲು ಮುಚ್ಚಿಕೊಂಡಿದ್ದ ಶಿಷ್ಯರ ನಡುವೆ ಪ್ರಭು ಬಂದು ನಿಂತದ್ದೂ ಆ ಸಂಜೆಯೇ (ಯೊವಾನ್ನ 20:19). ಆ ಸಂಜೆ ಅಲ್ಲಿ ಇಲ್ಲದಿದ್ದವರು ಯಾರು? ತೋಮಸರು. ಅವರು ಯಾಕೆ ಬಂದಿರಲಿಲ್ಲ ಎಂದು ಶುಭಸಂದೇಶ ಹೇಳುವುದಿಲ್ಲ. ಆದರೆ ಆ ಒಂದು ಸಂಜೆಯ ಗೈರುಹಾಜರಿಯಿಂದ ಅವರು ಇಡೀ ಒಂದು ವಾರ ಸಂಶಯದಲ್ಲಿ ಕಳೆಯಬೇಕಾಯಿತು. ಮತ್ತೆ ಎಲ್ಲರ ಜೊತೆ ಸೇರಿದಾಗಲೇ ಅವರ ಸಂಶಯ ನೀಗಿತು.

ಆದಿ ಧರ್ಮಸಭೆಯ ವಿಶ್ವಾಸಿಗಳು ದಿನದಿನವೂ ಮಹಾದೇವಾಲಯದಲ್ಲಿ ಸೇರುತ್ತಿದ್ದರು, ಮನೆಗಳಲ್ಲಿ ರೊಟ್ಟಿ ಮುರಿಯುತ್ತಿದ್ದರು ಎಂದು ಪ್ರೇಷಿತರ ಕಾರ್ಯಕಲಾಪಗಳು (2:46) ತಿಳಿಸುತ್ತವೆ. ಪೇತ್ರ ಮತ್ತು ಯೊವಾನ್ನರು ಹುಟ್ಟು ಕುಂಟನನ್ನು ಗುಣಪಡಿಸಿದ್ದು ಮಧ್ಯಾಹ್ನ ಮೂರು ಗಂಟೆಯ ಪ್ರಾರ್ಥನೆಗೆ ಹೋಗುವಾಗ (3:1). ಅವರು ಆ ಹೊತ್ತಿಗೆ ಹೊರಟಿರದಿದ್ದರೆ ಆ ಬಡವ ಅಂದು ಬಾಗಿಲಲ್ಲೇ ಕುಳಿತಿರುತ್ತಿದ್ದ.

ಹಿರಿಯರಿಗೆ ಸಿಗದ ಭಾಗ್ಯ

ಇಂದು ಸಂಜೆಯ ಪೂಜೆ ನಮಗೆ ಮಾಮೂಲು. ಆದರೆ ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಅದು ಇರಲಿಲ್ಲ. ಪರಮಪ್ರಸಾದ ಸ್ವೀಕರಿಸಬೇಕಾದರೆ ಮಧ್ಯರಾತ್ರಿಯಿಂದ ಒಂದು ಗುಟುಕು ನೀರನ್ನೂ ಕುಡಿಯುವಂತಿರಲಿಲ್ಲ. ಹೀಗಾಗಿ ಪೂಜೆ ಬೆಳಿಗ್ಗೆಯೇ ಆಗಬೇಕಿತ್ತು. ಅದಕ್ಕೂ ಹಿಂದೆ ಎಷ್ಟೋ ಭಕ್ತರು ವರ್ಷಕ್ಕೆ ಕೆಲವೇ ಸಲ ಪರಮಪ್ರಸಾದ ಸ್ವೀಕರಿಸುತ್ತಿದ್ದರು. ತಮಗೆ ಯೋಗ್ಯತೆ ಇಲ್ಲವೆಂಬ ಭಯ ಅವರನ್ನು ದೂರ ನಿಲ್ಲಿಸಿತ್ತು.

ಈ ಭಯವನ್ನು ಬಿಡಿಸಿದವರು ಸಂತ ಹತ್ತನೇ ಭಕ್ತಿನಾಥರು, ಅಂದರೆ ಪೋಪ್ ಹತ್ತನೇ ಪಿಯುಸ್. ಪ್ರಸಾದಾವಸ್ಥೆಯಲ್ಲಿದ್ದು ಸದುದ್ದೇಶದಿಂದ ಬರುವ ಯಾರಿಗೂ ದಿನನಿತ್ಯದ ಪರಮಪ್ರಸಾದವನ್ನು ತಡೆಯಬಾರದೆಂದು 1905ರ ಡಿಸೆಂಬರ್‌ನಲ್ಲಿ ಅವರ ಕಾಲದ ಆದೇಶ ಸಾರಿತು. 1953ರಲ್ಲಿ ಪೋಪ್ ಹನ್ನೆರಡನೇ ಪಿಯುಸ್‌ರವರು ಉಪವಾಸದ ನಿಯಮವನ್ನು ಸಡಿಲಿಸಿ, ಕೆಲವು ದಿನಗಳಲ್ಲಿ ಸಂಜೆಯ ಪೂಜೆಗೆ ಅನುಮತಿ ಕೊಡುವ ಅಧಿಕಾರವನ್ನು ಧರ್ಮಾಧ್ಯಕ್ಷರಿಗೆ ನೀಡಿದರು. 1957ರಲ್ಲಿ ಅದನ್ನು ಎಲ್ಲಾ ದಿನಗಳಿಗೂ ವಿಸ್ತರಿಸಿದರು. 1964ರಲ್ಲಿ ಪೋಪ್ ಆರನೇ ಪೌಲರು ಉಪವಾಸವನ್ನು ಒಂದು ಗಂಟೆಗೆ ಇಳಿಸಿದರು. ಇದೆಲ್ಲ ಯಾರಿಗಾಗಿ? ಕೂಲಿ ಮುಗಿಸಿ ಬರುವವರಿಗಾಗಿ, ಕಚೇರಿಯಿಂದ ಬರುವವರಿಗಾಗಿ, ನಿಮಗಾಗಿ, ನನಗಾಗಿ. ಧರ್ಮಸಭೆ ಬಾಗಿಲನ್ನು ಇಷ್ಟು ಅಗಲವಾಗಿ ತೆರೆದಿದ್ದರೂ ನಾವು ಹೊಸ್ತಿಲು ದಾಟುತ್ತಿಲ್ಲ!

ದೇವರ ವಾಕ್ಯದ ವಿಷಯವೂ ಹಾಗೆಯೇ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ನಂತರ ವಾಚನಗಳನ್ನು ಹೊಸದಾಗಿ ಜೋಡಿಸಿದಾಗ ಭಾನುವಾರಗಳಿಗೆ ಮೂರು ವರ್ಷಗಳ ಸರದಿ ಮಾಡಿದರು. ವಾರದ ಸಾಧಾರಣ ದಿನಗಳ ಮೊದಲನೆಯ ವಾಚನಕ್ಕೆ ಬೇರೆಯೇ ಎರಡು ವರ್ಷಗಳ ಸರದಿ ಇಟ್ಟರು. ಭಾನುವಾರ ಮಾತ್ರ ಬರುವವರಿಗೆ ಹಳೆಯ ಒಡಂಬಡಿಕೆಯ ಎಷ್ಟೋ ಭಾಗಗಳು ಕಿವಿಗೆ ಬೀಳುವುದೇ ಇಲ್ಲ. ಬೈಬಲ್ ಓದಲು ಸಮಯವಿಲ್ಲ ಎನ್ನುವ ನಮಗೆ ಅದನ್ನು ಯಾರೋ ಓದಿ ಕೇಳಿಸುತ್ತಿದ್ದಾರೆ. ಕೇಳಲು ಹೋಗಬೇಕಷ್ಟೆ.

ನಮ್ಮ ಊರೇ ಕಲಿಸಿದ ಪಾಠ

ಕಾಸರಗೋಡಿನ ಬೇಳ, ಮಂಜೇಶ್ವರ, ಕಯ್ಯಾರು, ವರ್ಕಾಡಿಯಂಥ ನಮ್ಮ ಕಡೆಯ ಚರ್ಚುಗಳು 1956ರಲ್ಲಿ ಕೇರಳ ರಾಜ್ಯಕ್ಕೆ ಸೇರಿದ ಮೇಲೂ ಮಂಗಳೂರು ಧರ್ಮಪ್ರಾಂತ್ಯದಲ್ಲೇ ಉಳಿದಿವೆ. ಗಡಿ ಬದಲಾದರೂ ಹಬ್ಬದ ರೂಢಿ ಬದಲಾಗಲಿಲ್ಲ. ಮೊಂತಿ ಹಬ್ಬವನ್ನೇ ನೋಡಿ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ, ತಟ್ಟೆಯಲ್ಲಿ ಹೂ ಹಿಡಿದು ಬರುತ್ತಾರೆ. ಮಳೆ ಇನ್ನೂ ನಿಂತಿರುವುದಿಲ್ಲ. ಗದ್ದೆಯ ಹುಣಿ ಜಾರುತ್ತಿರುತ್ತದೆ. ಶಾಲೆಯೂ ಇರುತ್ತದೆ. ಆದರೂ ಮಾತೆ ಮರಿಯಳಿಗೆ ಹೂ ಹಾಕುವುದನ್ನು ಮಕ್ಕಳು ತಪ್ಪಿಸುವುದಿಲ್ಲ. ಸೆಪ್ಟೆಂಬರ್ 8ರಂದು ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ಒಂಬತ್ತು ದಿನ ವಾರ ನೋಡದೆ ಚರ್ಚಿಗೆ ಬರುವ ಶಕ್ತಿ ನಮ್ಮ ಮನೆಗಳಿಗಿದೆ ಎಂದು ನಮ್ಮ ಮಕ್ಕಳೇ ತೋರಿಸಿಕೊಡುತ್ತಿದ್ದಾರೆ. ಹತ್ತನೇ ದಿನದಿಂದ ನಾವು ಅವರಿಗೆ ಏನು ತೋರಿಸಿಕೊಡುತ್ತಿದ್ದೇವೆ?

ನಮ್ಮ ಗಡಿಗೆ ಹತ್ತಿರದ ಮುಡಿಪುವಿನಲ್ಲಿ ನಾವು ಗೌರವಿಸುವ ಸಂತ ಜೋಸೆಫ್ ವಾಜರನ್ನು ನೆನೆಯಿರಿ. ಗೋವೆಯಲ್ಲಿ 1651ರಲ್ಲಿ ಹುಟ್ಟಿ, ಕೆನರಾ ಪ್ರಾಂತ್ಯದಲ್ಲಿ ಸೇವೆ ಸಲ್ಲಿಸಿ, 1687ರಲ್ಲಿ ಅವರು ಶ್ರೀಲಂಕಾಕ್ಕೆ ಹೋದರು. ಡಚ್ಚರ ಆಡಳಿತದಲ್ಲಿ ಅಲ್ಲಿ ಕಥೋಲಿಕರ ಆರಾಧನೆಗೆ ನಿಷೇಧವಿತ್ತು. ವೇಷ ಮರೆಸಿಕೊಂಡು ಮನೆಮನೆಗೆ ಹೋಗಿ ರಾತ್ರಿಯ ಕತ್ತಲಲ್ಲಿ ಅವರು ಪೂಜೆ ಅರ್ಪಿಸುತ್ತಿದ್ದರು. ಸಿಕ್ಕಿಬೀಳುವ ಭಯವಿದ್ದರೂ ಜನ ಬರುತ್ತಿದ್ದರು. ಪೋಪ್ ಫ್ರಾನ್ಸಿಸ್‌ರವರು 2015ರಲ್ಲಿ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ನಮಗೆ ಯಾವ ಭಯವೂ ಇಲ್ಲ. ಬಹುಶಃ ಅದೇ ನಮ್ಮ ತೊಂದರೆ.

2020ರ ಮಾರ್ಚ್ ತಿಂಗಳು ನೆನಪಿದೆಯೇ? ತಲಪಾಡಿ ಗಡಿ ಮುಚ್ಚಿತ್ತು. ಚರ್ಚುಗಳ ಬಾಗಿಲೂ ಮುಚ್ಚಿತ್ತು. ಪವಿತ್ರ ವಾರವನ್ನು ನಾವು ಮೊಬೈಲಿನಲ್ಲಿ ನೋಡಿದೆವು. ‘ಒಮ್ಮೆ ಬಾಗಿಲು ತೆರೆಯಲಿ, ದಿನಾ ಹೋಗುತ್ತೇನೆ’ ಎಂದು ಆಗ ಹೇಳಿದವರಲ್ಲಿ ನಾನೂ ಒಬ್ಬ. ಬಾಗಿಲು ತೆರೆಯಿತು. ಮಾತು ಮರೆತುಹೋಯಿತು.

“ಸಮಯ ಎಲ್ಲಿದೆ?”

ಈ ಪ್ರಶ್ನೆ ಸುಳ್ಳಲ್ಲ. ರಬ್ಬರ್ ಟ್ಯಾಪಿಂಗ್ ಮಾಡುವವರಿಗೆ ಬೆಳಿಗ್ಗೆಯೇ ಕೆಲಸ. ಮಂಗಳೂರಿಗೆ ದುಡಿಯಲು ಹೋಗುವವರು ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಮಕ್ಕಳಿಗೆ ಟ್ಯೂಷನ್. ಕೆಲವು ಮನೆಗಳಿಂದ ಚರ್ಚಿಗೆ ನಾಲ್ಕೈದು ಕಿಲೋಮೀಟರ್ ದೂರ. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಸೊಸೆ, ಎಳೆ ಮಗುವಿನ ತಾಯಿ ಮನೆಯಲ್ಲೇ ಮಾಡುವ ಸೇವೆಯನ್ನು ದೇವರು ಪ್ರಾರ್ಥನೆಯಾಗಿ ಸ್ವೀಕರಿಸುತ್ತಾರೆ. ಅಂಥವರನ್ನು ‘ಚರ್ಚಿಗೆ ಬರುವುದಿಲ್ಲ’ ಎಂದು ದೂರುವುದು ಭಕ್ತಿಯಲ್ಲ.

ಆದರೆ ನಮ್ಮಲ್ಲಿ ಹೆಚ್ಚಿನವರ ಕತೆ ಅದಲ್ಲ. ವಾರದ ದಿನದ ಪೂಜೆಗೆ ಬೇಕಾಗುವುದು ಸುಮಾರು ಅರ್ಧ ಗಂಟೆ. ಒಂದು ಧಾರಾವಾಹಿಗೂ ಅಷ್ಟೇ ಬೇಕು. ಊಟವಾದ ಮೇಲೆ ಮೊಬೈಲು ನೋಡುತ್ತ ಕುಳಿತರೆ ಅದಕ್ಕಿಂತ ಹೆಚ್ಚೇ ಹೋಗುತ್ತದೆ. ಇಲ್ಲದಿರುವುದು ಸಮಯವಲ್ಲ, ಅಭ್ಯಾಸ. ಅಭ್ಯಾಸವನ್ನು ಸಣ್ಣದರಿಂದಲೇ ಶುರುಮಾಡಬೇಕು. ನನಗೆ ಉಪಯೋಗವಾದ ಕೆಲವು ದಾರಿಗಳನ್ನು ಹೇಳುತ್ತೇನೆ.

ವಾರಕ್ಕೆ ಒಂದೇ ದಿನ ಆರಿಸಿಕೊಳ್ಳಿ, ಅದನ್ನು ಬದಲಿಸಬೇಡಿ. ದಿನಾ ಹೋಗುತ್ತೇನೆಂದು ಶಪಥ ಮಾಡಿದವರು ಎರಡನೇ ವಾರಕ್ಕೆ ನಿಲ್ಲಿಸುತ್ತಾರೆ.

ವಾರಕ್ಕೊಮ್ಮೆ ಆಗದಿದ್ದರೆ ತಿಂಗಳ ಮೊದಲ ಶುಕ್ರವಾರ ಬನ್ನಿ. ಯೇಸುವಿನ ಪವಿತ್ರ ಹೃದಯಕ್ಕೆ ಮೀಸಲಾದ ಆ ದಿನ ಪಾಪನಿವೇದನೆಗೂ ಪರಮಪ್ರಸಾದದ ಆರಾಧನೆಗೂ ಅನೇಕ ಕಡೆ ಅವಕಾಶವಿರುತ್ತದೆ.

ಮನೆಯವರ ಹುಟ್ಟುಹಬ್ಬ, ಮದುವೆಯ ವಾರ್ಷಿಕ ದಿನ, ಹಿರಿಯರು ತೀರಿದ ದಿನ ಯಾವ ವಾರಕ್ಕೆ ಬಂದರೂ ಕೇಕಿಗೆ ಮೊದಲು ಪೂಜೆಗೆ ಹೋಗಿ. ಪೂಜೆ ಬರೆಸಿದರೆ, ದಯವಿಟ್ಟು ನೀವೂ ಬನ್ನಿ. ನನ್ನಂತೆ ಮಾಡಬೇಡಿ.

ತಪಸ್ಸು ಕಾಲದ ಶುಕ್ರವಾರಗಳಲ್ಲಿ ಶಿಲುಬೆ ಹಾದಿ, ಅಕ್ಟೋಬರ್‌ನಲ್ಲಿ ಜಪಸರ, ನವೆಂಬರ್ 2ರಂದು ಸಮಾಧಿಯ ಪ್ರಾರ್ಥನೆ. ಇವುಗಳಿಗೆ ಒಬ್ಬರೇ ಬಾರದೆ ಮಕ್ಕಳ ಕೈ ಹಿಡಿದು ಬನ್ನಿ.

ಯಾವುದೂ ಆಗದಿದ್ದರೆ, ಚರ್ಚಿನ ಎದುರು ಹಾದುಹೋಗುವಾಗ ಐದು ನಿಮಿಷ ಒಳಗೆ ಹೋಗಿ ಪ್ರಸಾದ ಪೆಟ್ಟಿಗೆಯ ಎದುರು ಮೊಣಕಾಲೂರಿ. ಏನೂ ಹೇಳಲು ತೋಚದಿದ್ದರೂ ಪರವಾಗಿಲ್ಲ.

ಖಾಲಿ ಬೆಂಚು

ಮಾವ್ಶಿ ನನ್ನ ಕೈ ಹಿಡಿದ ಆ ವಾರವೇ ನಾನು ಮಂಗಳವಾರದ ಪೂಜೆಗೆ ಹೋದೆ. ಒಂದು ಬಸ್ಸು ತಡವಾಗಿ ಹೋದರೂ ಕೆಲಸಕ್ಕೆ ತಲುಪಬಹುದೆಂದು ಅಂದು ಗೊತ್ತಾಯಿತು. ಐದು ಜನರಿದ್ದ ಚರ್ಚಿನಲ್ಲಿ ನನ್ನ ಧ್ವನಿ ನನಗೇ ಕೇಳಿಸಿತು. ಭಾನುವಾರ ನಾನು ಬಾಯಿ ಮುಚ್ಚಿಕೊಂಡಿದ್ದರೂ ನಡೆಯುತ್ತದೆ. ಮಂಗಳವಾರ ನಾನು ಉತ್ತರ ಕೊಡದಿದ್ದರೆ ಪ್ರಾರ್ಥನೆ ತೆಳ್ಳಗಾಗುತ್ತದೆ. ಗುರುಗಳು ಯಾರೋ ಒಬ್ಬರ ಹೆಸರು ಓದಿದರು. ಹಿಂದೆ ತಿರುಗಿ ನೋಡಿದೆ. ಅವರ ಮನೆಯವರು ಯಾರೂ ಇರಲಿಲ್ಲ. ಆ ಹೆಸರಿಗಾಗಿ ನಾನು ಪ್ರಾರ್ಥಿಸಿದೆ. ನನ್ನ ಅಮ್ಮನಿಗಾಗಿ ಮಾವ್ಶಿ ಮಾಡಿದ್ದೂ ಇದನ್ನೇ ಅಲ್ಲವೇ?

ಈಗ ಮಾವ್ಶಿಗೆ ಮೊಣಕಾಲು ನೋವು. ಏರು ಹತ್ತಿ ಚರ್ಚಿಗೆ ಬರಲು ಆಗುವುದಿಲ್ಲ. ಎಡಬದಿಯ ಮೂರನೇ ಬೆಂಚು ಖಾಲಿ. ಮಂಗಳವಾರ ಸಂಜೆ ಬಸ್ಸಿಳಿದು ಮನೆಗೆ ಹೋಗುವ ದಾರಿಯಲ್ಲಿ ಅವರ ಅಂಗಳದಲ್ಲಿ ಒಂದು ನಿಮಿಷ ನಿಲ್ಲುತ್ತೇನೆ. ಅವರು ಕೇಳುವುದು ಒಂದೇ ಪ್ರಶ್ನೆ: “ಇವತ್ತು ಯಾರ ಹೆಸರು ಓದಿದರು ಪುತಾ?” ನಾನು ಹೇಳುತ್ತೇನೆ. ಅವರು ಶಿಲುಬೆಯ ಗುರುತು ಹಾಕಿ, ಕೈಯಲ್ಲಿರುವ ಜಪಸರವನ್ನು ಮುಂದುವರಿಸುತ್ತಾರೆ.

ಪ್ರಿಯರೇ, ಒಂದಲ್ಲ ಒಂದು ದಿನ ನಮ್ಮ ಹೆಸರನ್ನೂ ಗುರುಗಳು ಓದುತ್ತಾರೆ. ಅದು ಭಾನುವಾರವೇ ಆಗಬೇಕೆಂದಿಲ್ಲ. ಅಂದು ಬೆಂಚಿನಲ್ಲಿ ಯಾರಾದರೂ ಇರಬೇಕೆಂದು ನಮಗೆ ಆಸೆಯಿದ್ದರೆ, ಇಂದು ಬೇರೆಯವರ ಹೆಸರಿಗೆ ನಾವು ಅಲ್ಲಿರೋಣ. ಬರುವ ವಾರ ಒಂದು ದಿನ ಆರಿಸಿಕೊಳ್ಳಿ. ಗಂಟೆ ಬಾರಿಸಿದಾಗ ಹೊರಟುಬಿಡಿ. ಬಾಗಿಲು ತೆರೆದೇ ಇರುತ್ತದೆ.