ಕುಂಟೆಯ ಕಟ್ಟೆಯೂ ಅದರ ಕ್ಷೇಮವೂ

ನಮ್ಮ ಊರಿನ ಹೆಸರಿನಲ್ಲಿಯೇ ನೀರಿದೆ. ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆಯಲ್ಲಿ ಸಿಕ್ಕುವ ರಾಜಾನುಕುಂಟೆಯನ್ನು ಬಸ್ಸಿನ ಕಿಟಕಿಯಿಂದ ಕಂಡಿರುವ ಸಹಪಾಠಿಗಳು ಹಲವರಿರಬಹುದು. ಕುಂಟೆಯೆಂದರೆ ಕೆರೆಗಿಂತ ಚಿಕ್ಕದಾದ ನೀರಿನ ತಾಣ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಸೀಮೆಯಲ್ಲಿ ನಮ್ಮ ಹಿರಿಯರು ಮಳೆಯ ನೀರಿಗೆ ಮಣ್ಣಿನ ಏರಿಯನ್ನು ಅಡ್ಡಲಾಗಿ ಹಾಕಿ, ಕೆರೆ, ಕಟ್ಟೆ, ಕುಂಟೆ ಎಂದು ಅಳತೆಗೊಂದು ಹೆಸರಿಟ್ಟು ಬಾಳಿದರು. ದೊಡ್ಡ ಕೆರೆಗಳನ್ನು ಕುರಿತು ಬರೆದವರು ಬಹಳ ಮಂದಿ ಇದ್ದಾರೆ. ಖಾಸಗಿ ಜಮೀನಿನಲ್ಲಿರುವ ಸಣ್ಣ ಕಟ್ಟೆಯ ಕ್ಷೇಮವನ್ನು ಕುರಿತು ನಾಲ್ಕು ಮಾತು ಬರೆಯುವುದು ನನ್ನ ಉದ್ದೇಶ. ಅದಕ್ಕೆ ಕಾರಣ ನಮ್ಮ ಮನೆಯದೇ ಒಂದು ಕಟ್ಟೆ.

ನಮ್ಮ ದೊಡ್ಡಪ್ಪನವರು ದ್ರಾಕ್ಷಿ ತೋಟಕ್ಕೆಂದು ಹಿಡುವಳಿ ಜಮೀನಿನ ಹಳ್ಳಕ್ಕೆ ಅಡ್ಡವಾಗಿ ಹದಿನಾಲ್ಕು ಅಡಿ ಎತ್ತರದ ಏರಿಯನ್ನು ಹಾಕಿಸಿದ್ದರು. ತುಂಬಿದಾಗ ನೀರು ಸುಮಾರು ಒಂದು ಎಕರೆ ಹರಡುತ್ತದೆ. ನೋಡುವವರಿಗೆ ಅದು ಎಮ್ಮೆ ಮೀಯುವ ಹೊಂಡ. ಆದರೆ ಲೆಕ್ಕ ಹಾಕಿ ನೋಡಿ: ಒಂದು ಎಕರೆಯಲ್ಲಿ ಸರಾಸರಿ ಆರು ಅಡಿ ಆಳದ ನೀರು ನಿಂತರೆ ಸುಮಾರು 74 ಲಕ್ಷ ಲೀಟರಾಗುತ್ತದೆ. ಬೆಂಗಳೂರಿನ ಬೀದಿಗಳಲ್ಲಿ ಓಡಾಡುವ ಆರು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ ಸಾವಿರದ ಇನ್ನೂರಕ್ಕೂ ಮಿಗಿಲು. ಇಷ್ಟು ನೀರು ಅರ್ಧ ಗಂಟೆಯಲ್ಲಿ ಹಳ್ಳಕ್ಕಿಳಿದರೆ ಕೆಳಗಿರುವವರ ಗತಿಯೇನು? ನಮ್ಮ ಕಟ್ಟೆಯ ಕೆಳಗೆ, ಕಟ್ಟಡದ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದ ಕೆಲವು ಸಂಸಾರಗಳು ತಗಡಿನ ಶೆಡ್ಡುಗಳಲ್ಲಿ ವಾಸವಾಗಿದ್ದವು.

ಯಾವ ಮಣ್ಣಿನ ಕಟ್ಟೆಗೂ ಮೂರು ಮುಖ್ಯ ಅಂಗಗಳುಂಟು. ನೀರನ್ನು ತಡೆಯುವುದು ಏರಿ. ಬೇಕಾದಾಗ ಬೇಕಾದಷ್ಟು ಬಿಡುವುದು ತೂಬು. ಹೆಚ್ಚಾದುದನ್ನು ತಾನಾಗಿಯೇ ಹೊರಗೆ ಕಳುಹಿಸುವುದು ಕೋಡಿ. ಏರಿ ಕಣ್ಣಿಗೆ ಕಾಣುತ್ತದೆ, ತೂಬಿನಿಂದ ಪ್ರಯೋಜನವಿದೆ; ಕೋಡಿಯಿಂದ ಮಾತ್ರ ರೈತನಿಗೆ ನೀರು ‘ನಷ್ಟ’. ಆದುದರಿಂದಲೇ ಎಲ್ಲರ ಕಣ್ಣೂ ಕೋಡಿಯ ಮೇಲೆ ಬೀಳುವುದು. ಸಾವಿರ ಅಡಿ ಕೊರೆದರೂ ಕೊಳವೆಬಾವಿಯಲ್ಲಿ ನೀರು ಸಿಕ್ಕುವ ಭರವಸೆಯಿಲ್ಲದ ಈ ಕಾಲದಲ್ಲಿ ಕಣ್ಣೆದುರಿನ ನೀರು ಹರಿದು ಹೋಗುವುದನ್ನು ಯಾರು ಸಹಿಸಿಯಾರು? ನಮ್ಮ ದೊಡ್ಡಪ್ಪನವರೂ ಸಹಿಸಲಿಲ್ಲ. ಕೋಡಿಯ ಮೇಲೆ ಎರಡು ಅಡಿ ಎತ್ತರಕ್ಕೆ ಮರಳಿನ ಮೂಟೆಗಳನ್ನು ಜೋಡಿಸಿ, ಇನ್ನೂ ಒಂದು ತಿಂಗಳ ನೀರು ಉಳಿಯಿತೆಂದು ಸಂತೋಷಪಟ್ಟರು. ಅಂದು ನಾವೆಲ್ಲರೂ ಅವರ ಜಾಣತನವನ್ನು ಹೊಗಳಿದೆವು.

ಇಲ್ಲಿ ಸ್ವಲ್ಪ ಗಣಿತ ಬೇಕು. ಕಲಾ ವಿಭಾಗದವನಿಗೆ ಇದೇಕೆಂದು ಅಧ್ಯಾಪಕರು ನಗಬಾರದು. ಒಂದು ಎಕರೆಯ ಮೇಲೆ ಗಂಟೆಗೆ ಒಂದಂಗುಲದಂತೆ ಬಿದ್ದ ಮಳೆಯೆಲ್ಲವೂ ಹರಿದು ಬಂದರೆ ಅದು ಸೆಕೆಂಡಿಗೆ ಸರಿಸುಮಾರು ಒಂದು ಘನ ಅಡಿ. ನಮ್ಮ ಕಟ್ಟೆಗೆ ನೀರು ಹರಿದು ಬರುವ ನೆಲ ಸುಮಾರು ಐವತ್ತು ಎಕರೆ. ಗಂಟೆಗೆ ಎರಡಂಗುಲ ಮಳೆ ಸುರಿದು ಅರ್ಧ ಭಾಗ ನೆಲದಲ್ಲಿ ಇಂಗಿದರೂ ಸೆಕೆಂಡಿಗೆ ಐವತ್ತು ಘನ ಅಡಿ ಒಳಗೆ ಬರುತ್ತದೆ. ಕೋಡಿಯ ಮೇಲೆ ಒಂದಡಿ ಎತ್ತರಕ್ಕೆ ಹರಿಯುವ ನೀರು, ಅಗಲದ ಪ್ರತಿಯೊಂದು ಅಡಿಗೆ ಸೆಕೆಂಡಿಗೆ ಸುಮಾರು ಮೂರು ಘನ ಅಡಿಯಂತೆ ಹೊರಬೀಳುತ್ತದೆ. ನಮ್ಮ ಕೋಡಿಯ ಅಗಲ ಹದಿನೆಂಟು ಅಡಿ. ಒಂದಡಿ ಹರಿದರೆ ಸಾಕಾಗುತ್ತಿತ್ತು. ಏರಿಯ ನೆತ್ತಿ ಕೋಡಿಗಿಂತ ಮೂರು ಅಡಿ ಎತ್ತರದಲ್ಲಿದ್ದುದರಿಂದ ಇನ್ನೂ ಎರಡು ಅಡಿ ಬಿಡುವು ಉಳಿಯುತ್ತಿತ್ತು. ಮೂಟೆಗಳು ನುಂಗಿದುದು ಆ ಎರಡು ಅಡಿಯನ್ನೇ! ನೀರು ಏರಿಯ ನೆತ್ತಿಯನ್ನೇರಿ ಹರಿಯತೊಡಗಿದರೆ ಮಣ್ಣು ಕಲ್ಲಿನಂತೆ ನಿಲ್ಲುವುದಿಲ್ಲ. ಹೊರಮೈಯಿಂದ ಕೊಚ್ಚಿಕೊಂಡು ಹೋಗುತ್ತದೆ.

2021ರ ನವೆಂಬರಿನ ಮಳೆಯನ್ನು ಯಾರೂ ಮರೆತಿರಲಾರರು. ಯಲಹಂಕದ ಕೆರೆ ಉಕ್ಕಿ ಕೇಂದ್ರೀಯ ವಿಹಾರದ ವಸತಿ ಸಮುಚ್ಚಯಕ್ಕೆ ನೀರು ನುಗ್ಗಿ, ಜನರನ್ನು ದೋಣಿಗಳಲ್ಲಿ ಹೊರಗೆ ತಂದುದು ಆಗಲೇ. ಆ ದಿನಗಳ ಒಂದು ಸಂಜೆ ಶೆಡ್ಡಿನವರೊಬ್ಬರು ನೆನೆಯುತ್ತಾ ನಮ್ಮ ಬಾಗಿಲಿಗೆ ಬಂದು, “ಯಜಮಾನರ, ಕಟ್ಟಿ ಬುಡದಾಗ ನೀರು ಕೆಂಪಗ ಬರಾಕತ್ತೈತಿ, ಒಮ್ಮೆ ಬಂದು ನೋಡ್ರಿ” ಎಂದರು. ಹೋಗಿ ನೋಡಿದರೆ, ಹನಿ ನೀರಾವರಿಗೆಂದು ಏರಿಯನ್ನು ಅಗೆದು ಹೂಳಿದ್ದ ಪೈಪಿನ ಪಕ್ಕದಲ್ಲಿ ಹೆಬ್ಬೆರಳು ಗಾತ್ರದ ಧಾರೆ. ಕೋಡಿಯ ಕಡೆ ನೀರು ಏರಿಯ ನೆತ್ತಿಗೆ ಗೇಣಿನಷ್ಟೇ ಕೆಳಗಿತ್ತು.

ಒಡೆದ ಮಣ್ಣಿನ ಕಟ್ಟೆಗಳ ಲೆಕ್ಕ ತೆಗೆದವರು ಹೇಳುವ ಮಾತಿದು: ಬಹುಪಾಲು ಕಟ್ಟೆಗಳು ಹಾಳಾಗುವುದು ಒಂದೋ ನೀರು ಮೇಲೇರಿ ಹರಿದು, ಇಲ್ಲವೇ ಒಳಗೊಳಗೇ ಮಣ್ಣು ಕೊರೆದು. ಎರಡನೆಯದು ಕಳ್ಳನಂತೆ ಬರುತ್ತದೆ. ಏಡಿ, ಹೆಗ್ಗಣಗಳ ಬಿಲ, ಕಡಿದ ಮರದ ಕೊಳೆತ ಬೇರು, ಸುತ್ತಲೂ ದಿಮ್ಮಸು ಹೊಡೆಯದೆ ಬಿಟ್ಟ ಪೈಪು, ಇವುಗಳ ದಾರಿ ಹಿಡಿದು ನೀರು ಕಣಕಣವಾಗಿ ಮಣ್ಣನ್ನು ಹೊರಗೆ ಸಾಗಿಸುತ್ತದೆ. ಏರಿಯ ಬುಡದಲ್ಲಿ ತಿಳಿನೀರು ಜಿನುಗಿದರೆ ಕೂಡಲೇ ಗಾಬರಿ ಬೇಡ, ಕಣ್ಣಿಟ್ಟಿದ್ದರೆ ಸಾಕು. ನೀರು ಕದಡಿ ಬಂದರೆ ಮಾತ್ರ ಒಳಗೆ ಸುರಂಗ ಬೆಳೆಯುತ್ತಿದೆಯೆಂದೇ ಅರ್ಥ. ಇದು ಹೊಸ ಜ್ಞಾನವೇನಲ್ಲ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನವು ಕೆರೆಗಿರಬಾರದ ಆರು ದೋಷಗಳನ್ನು ಎಣಿಸುತ್ತದೆ. ಏರಿಯಿಂದ ನೀರು ಒಸರುವುದು ಅವುಗಳಲ್ಲೊಂದು.

ಅಂದು ರಾತ್ರಿ ಮೊದಲು ಮಾಡಿದ್ದು, ಶೆಡ್ಡುಗಳ ಮಕ್ಕಳುಮರಿಗಳನ್ನೆಲ್ಲ ನಮ್ಮ ಮನೆಯ ಪಡಸಾಲೆಗೆ ಕರೆತಂದದ್ದು. ಆಮೇಲೆ ಮೂಟೆಗಳನ್ನು ಅಂಚಿನಿಂದ ಒಂದೊಂದಾಗಿ ತೆಗೆದೆವು. ಒಮ್ಮೆಲೇ ಎಳೆದಿದ್ದರೆ ನಾವೇ ಪ್ರವಾಹ ತಂದಂತಾಗುತ್ತಿತ್ತು. ನೀರು ಇಳಿದಂತೆ ಧಾರೆ ಸಣ್ಣದಾಯಿತು. ದೊಡ್ಡಪ್ಪನವರು ಆ ತೂತಿಗೆ ಜೇಡಿಮಣ್ಣು ಮೆತ್ತಲು ಹೊರಟಾಗ ಹಿಂದೆ ನೀರುಗಂಟಿಯಾಗಿದ್ದ ಮುದುಕರೊಬ್ಬರು ತಡೆದರು. “ಬಾಯಿ ಮುಚ್ಚಿದ್ರೆ ಇನ್ನೊಂದು ಕಡೆ ಬಾಯಿ ಬಿಡ್ತದೆ ಗೌಡ್ರೇ. ನೀರು ಹೋಗ್ಲಿ, ಮಣ್ಣು ಹೋಗಬಾರದು,” ಎಂದರು. ಅವರ ಮಾತಿನಂತೆ ಮೊದಲು ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ಹೇರಿದೆವು. ಇಂಜಿನಿಯರುಗಳು ಸೋಸುಪದರವೆಂದು ಮಾಡುವುದೂ ಇದನ್ನೇ. ಬೆಳಗಾಗುವ ಹೊತ್ತಿಗೆ ನೀರು ತಿಳಿಯಾಗಿ ಬರುತ್ತಿತ್ತು. ಬೇಸಗೆಯಲ್ಲಿ ಏರಿಯನ್ನು ಬಿಚ್ಚಿಸಿ, ಪೈಪನ್ನು ತೆಗೆಸಿ, ಮಣ್ಣನ್ನು ಪದರ ಪದರವಾಗಿ ಹದವಾಗಿ ನೆನೆಸಿ, ದಿಮ್ಮಸು ಹೊಡೆಸಿ ಮತ್ತೆ ಕಟ್ಟಿಸಿದರು.

ಕೋಡಿಯನ್ನು ಕಿರಿದು ಮಾಡುವ ಚಪಲ ನಮ್ಮ ರೈತರಿಗೆ ಮಾತ್ರ ಸೇರಿದುದಲ್ಲ. ಅಮೆರಿಕದ ಜಾನ್ಸ್‌ಟೌನ್ ನಗರದ ಮೇಲುಗಡೆ 22 ಕಿಲೋಮೀಟರು ದೂರದಲ್ಲಿ ಶ್ರೀಮಂತರ ಸಂಘವೊಂದರ ಸ್ವಂತ ಮಣ್ಣಿನ ಕಟ್ಟೆಯಿತ್ತು. ಗಾಡಿಗಳು ಓಡಾಡಲೆಂದು ಅದರ ನೆತ್ತಿಯನ್ನು ತಗ್ಗಿಸಿದ್ದರು. ಮೀನು ತಪ್ಪಿಸಿಕೊಳ್ಳದಿರಲೆಂದು ಕೋಡಿಗೆ ಜಾಲರಿ ಹಾಕಿದ್ದರು. 1889ರ ಮೇ 31ರಂದು ಅದು ಒಡೆದು 2,209 ಜನ ಸತ್ತರು. ಕೀನ್ಯಾ ದೇಶದ ಸೊಲಾಯಿಯಲ್ಲಿ 2018ರ ಮೇ ತಿಂಗಳಲ್ಲಿ ಒಡೆದುದೂ ಒಂದು ಖಾಸಗಿ ತೋಟದ ಕಟ್ಟೆಯೇ. ನಲವತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು.

ಕಾನೂನು ಏನನ್ನುತ್ತದೆಂದು ಕೇಳಬಹುದು. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯು 15 ಮೀಟರಿಗಿಂತ ಎತ್ತರದವನ್ನೂ, ಕೆಲವು ನಿಬಂಧನೆಗಳಿಗೊಳಪಟ್ಟು 10ರಿಂದ 15 ಮೀಟರಿನವನ್ನೂ ಗಮನಿಸುತ್ತದೆ. ನಮ್ಮ ಹದಿನಾಲ್ಕು ಅಡಿಯ ಕಟ್ಟೆ ಅದರ ಕಣ್ಣಿಗೆ ಬೀಳದು. ಹಾಗೆಂದು ಹೊಣೆ ತಪ್ಪುವುದೇ? ಇಂಗ್ಲೆಂಡಿನಲ್ಲಿ ಗಿರಣಿಗಾಗಿ ಕಟ್ಟಿದ ಜಲಾಶಯದ ನೀರು ಪಕ್ಕದವರ ಗಣಿಗೆ ನುಗ್ಗಿದ ರೈಲೆಂಡ್ಸ್ ಮೊಕದ್ದಮೆಯಲ್ಲಿ, ಅಪಾಯಕರವಾದುದನ್ನು ತಂದಿಟ್ಟುಕೊಂಡವನೇ ನಷ್ಟಕ್ಕೆ ಹೊಣೆಯೆಂದು 1868ರಲ್ಲಿ ತೀರ್ಪಾಯಿತು. ನಮ್ಮ ನೆರೆಯ ಚಿತ್ತೂರು ಸೀಮೆಯ ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಒಡೆದು ಮದರಾಸು ರೈಲ್ವೆಗೆ ಹಾನಿಯಾದಾಗ ಪ್ರಿವಿ ಕೌನ್ಸಿಲು 1874ರಲ್ಲಿ ಬೇರೆ ಮಾತು ಹೇಳಿತು: ಇವು ಪುರಾತನ ಕೆರೆಗಳು, ಜನರ ಹಿತಕ್ಕಾಗಿ ಇವನ್ನು ಕಾಪಾಡುವುದು ಜಮೀನ್ದಾರರ ಕರ್ತವ್ಯ, ಆದುದರಿಂದ ಅಜಾಗರೂಕತೆ ಕಾಣದಿದ್ದರೆ ಅವರು ಹೊಣೆಯಲ್ಲ. ಈ ತೀರ್ಪನ್ನು ಓದಿದಾಗ ನನಗೆ ಸಮಾಧಾನವಾಗಲಿಲ್ಲ. ನಮ್ಮ ಕಟ್ಟೆ ಪುರಾತನವಲ್ಲ, ಊರಿನದೂ ಅಲ್ಲ. ಮೂಟೆಗಳನ್ನಿಟ್ಟದ್ದು ಅಜಾಗರೂಕತೆಯಲ್ಲದೆ ಮತ್ತೇನು?

ಕಟ್ಟೆಯುಳ್ಳ ಮನೆಗಳಿಂದ ಬರುವ ಸಹಪಾಠಿಗಳಲ್ಲಿ ನನ್ನ ವಿನಂತಿ ಇಷ್ಟೇ. ಮುಂಗಾರಿಗೆ ಮುಂಚೆ ಏರಿಯ ಮೇಲೊಮ್ಮೆ, ಬುಡದಲ್ಲೊಮ್ಮೆ ನಡೆದು ನೋಡಿರಿ. ಏರಿಯ ಮೇಲೆ ಹುಲ್ಲು ಬೆಳೆಯಲಿ, ಮರ ಬೇಡ. ಬಿಲಗಳನ್ನು ಅಗೆದು ದಿಮ್ಮಸು ಹೊಡೆದು ಮುಚ್ಚಿಸಿರಿ. ಕುಸಿದ ನೆತ್ತಿಯನ್ನು ಸಮ ಮಾಡಿಸಿರಿ. ಕೋಡಿಗೆ ಮೂಟೆಯನ್ನಾಗಲಿ ಬಲೆಯನ್ನಾಗಲಿ ಇಡಬೇಡಿರಿ. ಕೆಳಗೆ ಯಾರು ವಾಸವಾಗಿದ್ದಾರೆಂದು ತಿಳಿದುಕೊಂಡು, ನಿಮ್ಮ ಫೋನ್ ನಂಬರನ್ನು ಅವರಿಗೆ ಕೊಟ್ಟಿರಿ. ಅಂದು ಮಳೆಯಲ್ಲಿ ನೆನೆದು ಬಂದು ನಮಗೆ ತಿಳಿಸಿದವರು ನಮ್ಮ ಕಟ್ಟೆಯಿಂದ ಒಂದು ಬಿಂದಿಗೆ ನೀರನ್ನೂ ಪಡೆದವರಲ್ಲ.

ಈಗ ನಮ್ಮ ಕೋಡಿ ತೆರೆದೇ ಇದೆ. ಅದು ಹರಿಯುವಾಗ ದೊಡ್ಡಪ್ಪನವರಿಗೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ಮೂಟೆಗಳನ್ನು ಮಾತ್ರ ಮತ್ತೆ ಇಡಿಸಿಲ್ಲ.