ರೋಗನಿರೋಧಕ ಶಕ್ತಿ: ಕುಂದುವುದೇಕೆ, ಬಲಿಯುವುದು ಹೇಗೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಬಹುಪಾಲು ಮಳೆಯನ್ನೇ ನಂಬಿದ ಒಣ ಬೇಸಾಯದ ಸೀಮೆ. ಮಳೆ ಕೈಕೊಟ್ಟ ವರ್ಷ ಅನೇಕ ಕುಟುಂಬಗಳು ಮಲೆನಾಡಿನ ಕಾಫಿ ತೋಟಗಳಿಗೂ ಬೆಂಗಳೂರಿನ ಕಟ್ಟಡ ಕೆಲಸಕ್ಕೂ ದುಡಿಯಲು ಹೋಗುತ್ತವೆ. ಅವರಲ್ಲಿ ಕೆಲವರು ಮೈ ಸೊರಗಿ, ಕೆಮ್ಮುತ್ತ ಊರಿಗೆ ಮರಳುವುದುಂಟು. ಆಗ ಮನೆಯವರು ಆಡುವ ಮೊದಲ ಮಾತು ‘ನಿಶ್ಶಕ್ತಿ’. ಒಂದು ಗ್ಲೂಕೋಸ್ ಬಾಟಲಿ ಹಾಕಿಸಿ, ಒಂದು ಟಾನಿಕ್ ತಂದುಕೊಟ್ಟರೆ ಸರಿಹೋಗುವುದೆಂದು ನಂಬುತ್ತಾರೆ. ಆದರೆ ನಿಶ್ಶಕ್ತಿಗೆ ಯಾವುದಾದರೊಂದು ಕಾರಣವಿರುತ್ತದೆ. ಆ ಕಾರಣವನ್ನು ಅರಿಯದೆ ಶಕ್ತಿಯನ್ನು ತುಂಬಲು ಹೊರಡುವುದು ತೂತು ಬಿದ್ದ ಕೊಡಕ್ಕೆ ನೀರು ಹೊತ್ತಂತೆ.

ಅರ್ಧ ಲೀಟರಿನ ಸಾಮಾನ್ಯ ಗ್ಲೂಕೋಸ್ ಬಾಟಲಿಯಲ್ಲಿರುವುದು ನೀರು ಮತ್ತು 25 ಗ್ರಾಂ ಸಕ್ಕರೆ. ಅದರಿಂದ ದೊರೆಯುವ ಶಕ್ತಿ ಒಂದು ತೆಳುವಾದ ಜೋಳದ ರೊಟ್ಟಿಯಷ್ಟು ಮಾತ್ರ. ವಾಂತಿಭೇದಿಯಿಂದ ಬಳಲಿ ನೀರನ್ನೂ ಕುಡಿಯಲಾಗದವರಿಗೆ ಬಾಟಲಿ ಜೀವರಕ್ಷಕವೇ ಸರಿ. ಆದರೆ ರೋಗನಿರೋಧಕ ಶಕ್ತಿಯನ್ನು ಅದು ಬೆಳೆಸಲಾರದು.

ಸಹಜವಾದುದು ಯಾವುದು?

ನೆಗಡಿ ಬಂದ ಮಾತ್ರಕ್ಕೆ ನಿರೋಧಕ ಶಕ್ತಿ ಕುಂದಿತೆಂದು ಅಂಜಬೇಕಿಲ್ಲ. ವಯಸ್ಕರಿಗೆ ವರ್ಷಕ್ಕೆ ಎರಡು ಮೂರು ಬಾರಿ, ಚಿಕ್ಕ ಮಕ್ಕಳಿಗೆ ಆರೆಂಟು ಬಾರಿ ನೆಗಡಿಯಾಗುವುದು ಸಹಜ. ಕೊಟ್ಟೂರಿನ ತೇರು, ಮೈಲಾರದ ಕಾರಣಿಕದಂತಹ ಜನಸಂದಣಿಯಿಂದ ಬಂದವರಿಗೆ ಕೆಮ್ಮು ನೆಗಡಿ ತಗಲುವುದೂ ಸಹಜವೇ. ವಾರದೊಳಗೆ ಅದು ಇಳಿದುಹೋದರೆ ದೇಹ ತನ್ನ ಕೆಲಸವನ್ನು ಮಾಡಿದೆ ಎಂದೇ ಅರ್ಥ.

ಗಮನಿಸಬೇಕಾದ ಲಕ್ಷಣಗಳು

ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ಕಾರಣವಿಲ್ಲದೆ ಇಳಿಯುವ ತೂಕ — ಇವು ಕ್ಷಯದ ಸೂಚನೆಗಳಾಗಿರಬಹುದು. ಮಾಯದ ಹುಣ್ಣು, ಮರಳಿ ಮರಳಿ ಬರುವ ಕುರು ಅಥವಾ ಗಜಕರ್ಣ, ಅತಿಯಾದ ಬಾಯಾರಿಕೆ ಇದ್ದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ಆಗಲೇಬೇಕು. ನಾಲಗೆಯ ಮೇಲೆ ಬಿಳಿ ಪೊರೆ ಕಟ್ಟುತ್ತಿದ್ದರೆ ಅಥವಾ ಸರ್ಪಸುತ್ತು ಪದೇ ಪದೇ ಕಾಣಿಸಿಕೊಂಡರೆ ಎಚ್‌ಐವಿ ಪರೀಕ್ಷೆಗೂ ಸಂಕೋಚಪಡಬಾರದು. ಮಗುವಿಗೆ ಒಂದೇ ವರ್ಷದಲ್ಲಿ ಎರಡು ಬಾರಿ ನ್ಯುಮೋನಿಯಾ ಬಂದರೆ ಮಕ್ಕಳ ತಜ್ಞರಿಗೆ ತೋರಿಸಬೇಕು. ಹುಟ್ಟಿನಿಂದಲೇ ಬರುವ ನಿರೋಧಕ ಶಕ್ತಿಯ ಕೊರತೆಗಳಲ್ಲಿ ಕೆಲವು, ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹೆಚ್ಚಾಗಿ ಕಂಡುಬರುತ್ತವೆ.

ಕೀಲುನೋವಿಗೆಂದು ಚೀಟಿಯಿಲ್ಲದೆ ಕೊಂಡು ನುಂಗುವ ಮಾತ್ರೆಗಳಲ್ಲಿ ಸ್ಟೀರಾಯ್ಡ್ ಇರಬಹುದು. ದೀರ್ಘಕಾಲ ಸೇವಿಸಿದರೆ ಅದೂ ನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಆದರೆ ಅಂಥ ಮಾತ್ರೆಯನ್ನು ಬಹುದಿನದಿಂದ ಸೇವಿಸುತ್ತಿರುವವರು ಒಮ್ಮೆಲೇ ನಿಲ್ಲಿಸದೆ ವೈದ್ಯರನ್ನು ಕಾಣಬೇಕು.

ಅನ್ನದ ಬಲ

ಇವೆಲ್ಲಕ್ಕಿಂತ ವ್ಯಾಪಕವಾದ ಕಾರಣ ಪೋಷಣೆಯ ಕೊರತೆ. ರೋಗಾಣುಗಳೊಡನೆ ಹೋರಾಡುವ ಕಣಗಳನ್ನೂ ಪ್ರತಿಕಾಯಗಳನ್ನೂ ದೇಹವು ಪ್ರೋಟೀನಿನಿಂದಲೇ ಕಟ್ಟಿಕೊಳ್ಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ.

ಆಹಾರವೇ ರೋಗವನ್ನು ತಡೆಯಬಲ್ಲದೆಂಬುದಕ್ಕೆ ಬಲವಾದ ಸಾಕ್ಷ್ಯ ಜಾರ್ಖಂಡಿನಿಂದ ಬಂದಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ನೇತೃತ್ವದ ಅಧ್ಯಯನವು 2023ರಲ್ಲಿ ಪ್ರಕಟವಾಯಿತು. ಕ್ಷಯರೋಗಿಗಳ ಮನೆಯವರಲ್ಲಿ ಪ್ರತಿ ವಯಸ್ಕರಿಗೆ ತಿಂಗಳಿಗೆ 5 ಕೆ.ಜಿ. ಅಕ್ಕಿ, 1.5 ಕೆ.ಜಿ. ತೊಗರಿಬೇಳೆ ಮತ್ತು ಪೋಷಕಾಂಶದ ಮಾತ್ರೆಗಳನ್ನು ಕೊಡಲಾಯಿತು. ಇದನ್ನು ಪಡೆಯದ ಕುಟುಂಬಗಳಿಗೆ ಹೋಲಿಸಿದರೆ, ಪಡೆದವರಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು ಶೇ. 39ರಷ್ಟು ಕಡಿಮೆಯಾಯಿತು.

ನಮ್ಮ ಸೀಮೆಯ ಹಳೆಯ ಊಟದಲ್ಲಿ ಈ ಬಲ ಮೊದಲಿನಿಂದಲೂ ಇದೆ. ಜೋಳ, ಸಜ್ಜೆ, ನವಣೆ, ರಾಗಿಯೊಡನೆ ಹೆಸರು, ಹುರುಳಿ, ಮಡಿಕೆ, ಅಲಸಂದೆ ಕಾಳು ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಶೇಂಗಾ, ಗುರೆಳ್ಳು, ಅಗಸೆಯ ಚಟ್ನಿಪುಡಿಗಳು ಕಡಿಮೆ ಖರ್ಚಿನ ಪೌಷ್ಟಿಕ ಆಹಾರ. ನುಗ್ಗೆಸೊಪ್ಪು, ಪುಂಡಿಪಲ್ಯ, ರಾಜಗಿರಿ ವಾರದಲ್ಲಿ ಮೂರ್ನಾಲ್ಕು ದಿನವಾದರೂ ಇರಲಿ. ಊಟದ ಮೇಲೆ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣಾಂಶ ಚೆನ್ನಾಗಿ ಮೈಗೂಡುತ್ತದೆ. ಊಟದೊಡನೆ ಚಹಾ ಕುಡಿದರೆ ಆ ಲಾಭ ಕಡಿಮೆಯಾಗುತ್ತದೆ. ಸಸ್ಯಾಹಾರಿಗಳಿಗೆ ಬಿ12 ಜೀವಸತ್ವ ದೊರೆಯುವುದು ಮುಖ್ಯವಾಗಿ ಹಾಲು, ಮೊಸರು, ಮಜ್ಜಿಗೆಯಿಂದ. ಕೈಕಾಲು ಜೋಮು ಹಿಡಿಯುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಿ, ಅಗತ್ಯವಿದ್ದರೆ ವೈದ್ಯರು ಕೊಟ್ಟ ಮಾತ್ರೆಯನ್ನೇ ಸೇವಿಸಬೇಕು.

ಮನೆಯ ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ತಾಯಿಯ ತಟ್ಟೆಯಲ್ಲಿ ಕಾಳೂ ಪಲ್ಯವೂ ಉಳಿದಿರುತ್ತವೆಯೇ? ಈ ಪ್ರಶ್ನೆಯನ್ನು ಪ್ರತಿ ಮನೆಯೂ ಕೇಳಿಕೊಳ್ಳಬೇಕೆಂದು ನಾವು ಬಯಸುತ್ತೇವೆ.

ಇನ್ನುಳಿದ ಆಸರೆಗಳು

ಏಳು ಗಂಟೆಯ ನಿದ್ರೆ, ತಂಬಾಕು ಮತ್ತು ಮದ್ಯದಿಂದ ದೂರವಿರುವುದು, ಸಾಬೂನಿನಿಂದ ಕೈ ತೊಳೆಯುವುದು, ಗಾಳಿಯಾಡುವ ಮನೆ — ಇವು ಕಾಸು ಬೇಡದ ಔಷಧಗಳು. ಲಸಿಕೆಯನ್ನೂ ನಾವು ಇದೇ ಸಾಲಿಗೆ ಸೇರಿಸುತ್ತೇವೆ. ಅದು ಹೊರಗಿನಿಂದ ಶಕ್ತಿಯನ್ನು ತುಂಬುವುದಿಲ್ಲ. ದೇಹದಲ್ಲಿರುವ ಶಕ್ತಿಗೆ ಶತ್ರುವಿನ ಗುರುತನ್ನು ಕಲಿಸುತ್ತದೆ.

ಕಷಾಯಗಳ ವಿಷಯದಲ್ಲಿ ಮಿತಿಯಿರಲಿ. ಶುಂಠಿ, ಮೆಣಸಿನ ಬಿಸಿ ಕಷಾಯ ಗಂಟಲಿಗೆ ಹಿತವೆನಿಸುವುದು ನಿಜ. ಆದರೆ ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯನ್ನು ದಿನವೂ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ತೊಂದರೆಯಾದುದನ್ನು ವೈದ್ಯರು ವರದಿ ಮಾಡಿದ್ದಾರೆ.

ಕ್ಷಯದ ಪರೀಕ್ಷೆ ಮತ್ತು ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಚಿಕಿತ್ಸೆ ಪಡೆಯುವವರ ಪೋಷಣೆಗೆಂದು ಕೇಂದ್ರ ಸರ್ಕಾರ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿಗಳನ್ನು ಕೊಡುತ್ತಿದೆ. ಆದುದರಿಂದ ದುಡಿಮೆಗೆ ಹೋದವರು ಸೊರಗಿ ಮನೆಗೆ ಬಂದಾಗ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಕಫ, ರಕ್ತ, ಸಕ್ಕರೆಯ ಪರೀಕ್ಷೆ ಮಾಡಿಸಿರಿ. ಟಾನಿಕ್ಕಿಗೆಂದು ತೆಗೆದಿಟ್ಟ ಹಣದಲ್ಲಿ ಬೇಳೆ, ಶೇಂಗಾ, ಹಾಲು ತನ್ನಿರಿ.